ಪ್ರಾಗ್‌ನಲ್ಲಿ ಎರಡು ದಿನ, ಒಂದು ಯೆಜ್ಡಿ

ಶುಭಾ ಕಳಿಸಿದ ಎಕ್ಸೆಲ್ ಶೀಟಿನಲ್ಲಿ 41 ಸಾಲುಗಳಿದ್ದವು. ಶುಕ್ರವಾರ ಸಂಜೆ ಪ್ರಾಗ್ ಮುಟ್ಟುವುದರಿಂದ ಹಿಡಿದು ಭಾನುವಾರ ಮಧ್ಯಾಹ್ನ ವಾಪಸ್ ರೈಲು ಹತ್ತುವ ತನಕ. ಒಂದೊಂದು ಸಾಲಿಗೂ ಒಂದು ಬಣ್ಣ. ಹಸಿರು ಅಂದರೆ ನೋಡಲೇಬೇಕು, ಹಳದಿ ಅಂದರೆ ಟೈಮಿದ್ದರೆ, ಬೂದು ಅಂದರೆ 'ಹೊರಗಿಂದ'. ಕಟ್ಟಡದ ಮುಂದೆ ನಿಂತು, ಫೋಟೋ ತೆಗೆದು, ಒಳಗೇನಿದೆ ಎಂದು ಕೇಳದೆ ಮುಂದಕ್ಕೆ ಹೋಗುವುದಕ್ಕೆ 'ಹೊರಗಿಂದ' ಎಂದು ಹೆಸರು. ನಾನು ಕೇಳಿಕೊಂಡಿದ್ದು ಒಂದೇ ಒಂದು ಜಾಗ, ಲೆತ್ನಾ ದಿಣ್ಣೆಯ ಮೇಲಿರುವ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ. ಅದು ಹಳದಿಯಲ್ಲಿತ್ತು. ಹಳದಿಯವರ ಗತಿ ಏನಾಗುತ್ತದೆ ಅಂತ ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರಿಗೆ ಗೊತ್ತಿರುತ್ತದೆ.

ನಾವು ನಾಲ್ವರು ಒಂದೇ ಕಾಲೇಜು, ಒಂದೇ ಬೆಂಚು. ಈಗ ನಳಿನಿ ಡ್ರೆಸ್ಡೆನ್‌ನಲ್ಲಿ, ಶುಭಾ ಐಂಡ್‌ಹೋವನ್‌ನಲ್ಲಿ, ರಜಿಯಾ ಶಿವಮೊಗ್ಗದಲ್ಲಿ, ನಾನು ಮೈಸೂರಲ್ಲೇ. ನಾಲ್ವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅದರಲ್ಲಿ ಪ್ರಾಗ್‌ಗೆ ಹಂಚಿಕೆಯಾದದ್ದು ಎರಡು ರಾತ್ರಿ.

ಮ್ಯೂಸಿಯಂ ಯಾಕೆ ಬೇಕಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಹಳೇ ಕಾರು, ರೈಲು, ಮೋಟಾರ್‌ಸೈಕಲ್‌ಗಳ ದೊಡ್ಡ ಹಾಲ್ ಇದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಜಾವಾ ಅಂದರೆ ಇಂಡೋನೇಷ್ಯಾದ ದ್ವೀಪವಲ್ಲ. ಯಾದವಗಿರಿಯಲ್ಲಿದ್ದ ಕಾರ್ಖಾನೆ. ಅಲ್ಲಿಂದ ಹೊರಟ ಗಾಡಿಗಳ ಮೂಲ ಇದೇ ಪ್ರಾಗ್. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್‌ಸೈಕಲ್ ಮಾಡುವ ಲೈಸೆನ್ಸ್ ಕೊಂಡ. ತನ್ನ ಹೆಸರಿನ 'ಯಾ', ಅವರ ಹೆಸರಿನ 'ವಾ' ಸೇರಿಸಿದ. ಅವರ ಬಾಯಲ್ಲಿ ಯಾವಾ, ನಮ್ಮ ಬಾಯಲ್ಲಿ ಜಾವಾ. 1960ರ ದಶಕದ ಶುರುವಿನಲ್ಲಿ ಅದೇ ಗಾಡಿ ಮೈಸೂರಿನಲ್ಲಿ ತಯಾರಾಗತೊಡಗಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಅಪ್ಪ ಮೇಷ್ಟರು. ಅವರ ಗಾಡಿ 1981ರ ಯೆಜ್ಡಿ. ಅದರಲ್ಲಿ ಕಿಕ್ ಹೊಡೆಯುವ ಲಿವರೂ ಗೇರ್ ಬದಲಿಸುವ ಲಿವರೂ ಒಂದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ತಂದರೆ ಗೇರ್. ಚಳಿಗಾಲದ ಬೆಳಿಗ್ಗೆ ಅದನ್ನು ಎಬ್ಬಿಸುವುದು ಒಂದು ಪೂಜೆ. ಕಾರ್ಬ್ಯುರೇಟರಿನ ಪುಟ್ಟ ಗುಂಡಿ ಒತ್ತಿ, ಪೆಟ್ರೋಲು ಜಿನುಗಿ ಬೆರಳಿಗೆ ಹತ್ತುವ ತನಕ ಕಾಯಬೇಕು. ಆಮೇಲೆ ಕಿಕ್. ಆಗಲಿಲ್ಲವೆಂದರೆ ಮತ್ತೆ ಗುಂಡಿ. ನಾನು ಸ್ಕೂಲ್ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಅದು 'ಡುಗ್ ಡುಗ್' ಅಂದರೆ ನಮ್ಮ ಬೀದಿಗೆ ಬೆಳಗಾಗುತ್ತಿತ್ತು. ಆ ಗಾಡಿ ಈಗಲೂ ಶೆಡ್ಡಿನಲ್ಲಿದೆ. ಅಪ್ಪನಿಗೆ 78. ಓಡಿಸುವುದಿಲ್ಲ, ಆದರೆ ಭಾನುವಾರ ಒರೆಸುತ್ತಾರೆ.

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ. ಬಹುಪಾಲು ದಾರಿಯುದ್ದಕ್ಕೂ ನದಿ ಪಕ್ಕದಲ್ಲೇ. ಜರ್ಮನಿಯಲ್ಲಿ ಅದರ ಹೆಸರು ಎಲ್ಬೆ, ಗಡಿ ದಾಟಿದ ಮೇಲೆ ಲಾಬೆ. ನದಿಗೇನೂ ಗೊತ್ತಾಗುವುದಿಲ್ಲ, ರೈಲಿನ ಅನೌನ್ಸ್‌ಮೆಂಟಿನ ಭಾಷೆ ಮಾತ್ರ ಬದಲಾಗುತ್ತದೆ. ಎರಡೂ ಕಡೆ ಮರಳುಗಲ್ಲಿನ ಕಡಿದಾದ ಬಂಡೆಗಳು. ನಾವು ಅದನ್ನು ನೋಡಿದ್ದಕ್ಕಿಂತ ಹೆಚ್ಚು ಮಾತಾಡಿದೆವು. ಯಾರಿಗೆ ಶುಗರ್, ಯಾರ ಅತ್ತೆಗೆ ಮಂಡಿ ಆಪರೇಷನ್, ಯಾರ ಮಗ ಪಿಯುಸಿಯಲ್ಲಿ ಏನು ಮಾಡಿಕೊಂಡ.

ಪ್ರಾಗ್‌ನ ಮುಖ್ಯ ಸ್ಟೇಷನ್ನಿನಲ್ಲಿ ಇಳಿದಾಗ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಂಚಿನ ಪ್ರತಿಮೆ ಕಂಡಿತು. ಕನ್ನಡಕದ ಗಂಡಸು, ತೋಳಿನಲ್ಲೊಂದು ಮಗು, ಪಕ್ಕದಲ್ಲೊಂದು ಹುಡುಗಿ, ಒಂದು ಸೂಟ್‌ಕೇಸು. ರಜಿಯಾ ಒಂದು ಫೋಟೋ ಹೊಡೆದಳು. "ಯಾರೇ ಇವ್ನು?" ಅಂದೆ. "ಶೀಟಲ್ಲಿಲ್ಲ, ನಡೀರಿ" ಅಂದಳು ಶುಭಾ.

ಆ ಸಂಜೆ ವೆನ್ಸೆಸ್ಲಾಸ್ ಚೌಕ. ಚೌಕ ಅಂತ ಹೆಸರು, ನೋಡಿದರೆ ಮುಕ್ಕಾಲು ಕಿಲೋಮೀಟರ್ ಉದ್ದದ ಅಗಲವಾದ ರಸ್ತೆ. ಮೇಲ್ತುದಿಯಲ್ಲಿ ರಾಷ್ಟ್ರೀಯ ಮ್ಯೂಸಿಯಂ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಅದರ ಮುಂಭಾಗಕ್ಕೆ ಗುಂಡಿನ ಸುರಿಮಳೆಯಾಗಿತ್ತು. ಅದರ ಮುಂದೆ ಕಲ್ಲುಹಾಸಿನ ನಡುವೆ, ನೆಲದಡಿಯಿಂದ ಯಾರೋ ಎದ್ದು ಬರುತ್ತಿದ್ದಾರೇನೋ ಅನ್ನುವಂತೆ ಉಬ್ಬಿಕೊಂಡ ಕಂಚಿನ ಶಿಲುಬೆ. 1969ರ ಜನವರಿಯಲ್ಲಿ ಯಾನ್ ಪಾಲಖ್ ಎಂಬ 20 ವರ್ಷದ ವಿದ್ಯಾರ್ಥಿ ಇಲ್ಲಿಯೇ ಮೈಗೆ ಬೆಂಕಿ ಹಚ್ಚಿಕೊಂಡದ್ದು. ಆಕ್ರಮಣಕ್ಕಿಂತ ಜನ ಅದಕ್ಕೆ ಒಗ್ಗಿಕೊಳ್ಳುತ್ತಿದ್ದಾರಲ್ಲ ಎಂಬುದು ಅವನ ಸಂಕಟ. ಮತ್ತೆ ಇಪ್ಪತ್ತು ವರ್ಷಕ್ಕೆ, 1989ರ ನವೆಂಬರಿನಲ್ಲಿ, ಇದೇ ರಸ್ತೆಯಲ್ಲಿ ಜನ ಲಕ್ಷಗಟ್ಟಲೆ ಸೇರಿ ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಅಲುಗಾಡಿಸಿದರು. 'ನಿಮ್ಮ ಟೈಮ್ ಆಯಿತು, ಹೊರಡಿ' ಅಂತ ಕಮ್ಯುನಿಸ್ಟ್ ಸರ್ಕಾರಕ್ಕೆ. ಇದಿಷ್ಟಕ್ಕೂ ಶೀಟಿನಲ್ಲಿ ಹತ್ತು ನಿಮಿಷ. ಹತ್ತೇ ನಿಮಿಷ ನಿಂತೆವು. ಶಿಲುಬೆಯ ಮೇಲೆ ಯಾರೋ ಇಟ್ಟುಹೋದ ಹೂವು ಬಾಡಿತ್ತು.

ಶನಿವಾರ ಬೆಳಿಗ್ಗೆ ಶೀಟಿಗೆ ಮೊದಲ ಪೆಟ್ಟು ಬಿತ್ತು. ಒಂಬತ್ತು ಗಂಟೆಗೆ ಹಳೇ ಯಹೂದಿ ಸ್ಮಶಾನ ಎಂದು ಹಸಿರು ಬಣ್ಣದಲ್ಲಿತ್ತು. ಹೋಗಿ ನೋಡಿದರೆ ಬಾಗಿಲು ಹಾಕಿದೆ. ಶನಿವಾರ ಯಹೂದಿಗಳ ಸಬ್ಬತ್, ಅವತ್ತು ಏನೂ ತೆರೆಯುವುದಿಲ್ಲ. "ಶುಕ್ರವಾರ ಮಧ್ಯಾಹ್ನ ಮಸೀದಿ ನೋಡೋಕೆ ಬರ್ತೀನಿ ಅಂದ ಹಾಗಾಯ್ತು ನಿನ್ನ ಪ್ಲಾನು" ಅಂದಳು ರಜಿಯಾ. ಶುಭಾ ಫೋನು ತೆಗೆದು ಅಲ್ಲೇ ಮೆಟ್ಟಿಲ ಮೇಲೆ ಕೂತು ಸಾಲುಗಳನ್ನು ಮೇಲೆ ಕೆಳಗೆ ಮಾಡಿದಳು. ಸ್ಮಶಾನ ಭಾನುವಾರ ಬೆಳಿಗ್ಗೆಗೆ ಹೋಯಿತು. ಭಾನುವಾರ ಬೆಳಿಗ್ಗೆ ಇದ್ದದ್ದು ನನ್ನ ಹಳದಿ. "ಸಾರಿ ಕಣೇ" ಅಂದಳು. "ಪರವಾಗಿಲ್ಲ ಬಿಡು" ಅಂದೆ. ಪರವಾಗಿತ್ತು.

ಹತ್ತು ಗಂಟೆಗೆ ಹಳೇಪೇಟೆ ಚೌಕದಲ್ಲಿ ಗಡಿಯಾರದ ಕೆಳಗೆ ನಿಂತಿದ್ದೆವು, ಇನ್ನೂ ಐನೂರು ಜನರ ಜೊತೆ. ಗಂಟೆಯಾದ ಕೂಡಲೇ ಅಸ್ಥಿಪಂಜರವೊಂದು ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ. ಅಸ್ಥಿಪಂಜರ 'ಬಾ' ಅಂತ ತಲೆದೂಗಿದರೆ ಪಕ್ಕದ ಮೂವರು, ಅಂದರೆ ಕನ್ನಡಿ ಹಿಡಿದ ಜಂಬದವನು, ದುಡ್ಡಿನ ಚೀಲದ ಜಿಪುಣ, ಪೇಟದ ತುರ್ಕಿ, 'ಊಹೂಂ, ಇನ್ನೂ ಬರಲ್ಲ' ಅಂತ ತಲೆಯಾಡಿಸುತ್ತಾರೆ. ಕೊನೆಗೆ ಕೋಳಿ ಕೂಗುತ್ತದೆ. ಎಲ್ಲಾ ಸೇರಿ ಒಂದು ನಿಮಿಷವೂ ಇಲ್ಲ. ಜನ ಚಪ್ಪಾಳೆ ತಟ್ಟಿ, ಇಷ್ಟೇನಾ ಎಂಬ ಮುಖ ಮಾಡಿಕೊಂಡು ಕರಗಿಹೋದರು.

ನಿಜವಾದ ಮಜಾ ಇರುವುದು ಜನ ಹೋದ ಮೇಲೆ. ಗೊಂಬೆಗಳು ಆಮೇಲೆ ಬಂದವು, ಮೂಲ ಗಡಿಯಾರ 1410ರದ್ದು. ಮಿಕುಲಾಶ್ ಎಂಬ ಗಡಿಯಾರದವನು ಯಾನ್ ಶಿಂಡೆಲ್ ಎಂಬ ಖಗೋಳ ಪಂಡಿತನ ಲೆಕ್ಕ ಇಟ್ಟುಕೊಂಡು ಮಾಡಿದ್ದು. (ಹನುಶ್ ಎಂಬವನು ಮಾಡಿದ, ಬೇರೆ ಊರಿಗೆ ಇಂಥದ್ದೇ ಮಾಡಿಕೊಟ್ಟಾನೆಂದು ಊರಿನ ಹಿರಿಯರು ಅವನ ಕಣ್ಣು ಕೀಳಿಸಿದರು ಎಂದು ಗೈಡುಗಳು ಹೇಳುತ್ತಾರೆ. ತಾಜ್‌ಮಹಲಿನ ಕೆಲಸಗಾರರ ಕೈ ಕತ್ತರಿಸಿದ ಕತೆಯ ತಮ್ಮ. ಸುಳ್ಳು, ಆದರೆ ಸಾಯುವುದಿಲ್ಲ.) ಹೊರಗಿನ ಕಪ್ಪು ಬಳೆಯ ಮೇಲೆ ಒಂದರಿಂದ ಇಪ್ಪತ್ನಾಲ್ಕರ ತನಕ ಹಳೇ ಅಂಕಿಗಳು. ಅದು ಹಳೇ ಬೊಹೀಮಿಯನ್, ಅಂದರೆ ಈ ಚೆಕ್ ನಾಡಿನ, ವೇಳೆ. ಸೂರ್ಯ ಮುಳುಗಿದಾಗ ದಿನ ಮುಗಿದು ಸೊನ್ನೆಯಿಂದ ಎಣಿಕೆ ಶುರು. ಸೂರ್ಯಾಸ್ತ ಹಿಂದುಮುಂದಾದಂತೆ ಆ ಬಳೆಯೇ ವರ್ಷವಿಡೀ ಸರಿಯುತ್ತಿರುತ್ತದೆ. ನಮ್ಮ ಕೈಗಡಿಯಾರದಲ್ಲಿ ಹತ್ತು, ಅಲ್ಲಿ ಹದಿಮೂರು ದಾಟಿತ್ತು. ನಮ್ಮ ಅಜ್ಜ ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದರು, ಇವರು ಸೂರ್ಯಾಸ್ತದಿಂದ. ಅಜ್ಜನಿಗೆ ಇದನ್ನು ತೋರಿಸಿದ್ದರೆ ಐದೇ ನಿಮಿಷದಲ್ಲಿ ಓದಿಬಿಡುತ್ತಿದ್ದರು, ನನಗೆ ಅರ್ಧ ಗಂಟೆ ಬೇಕಾಯಿತು. ಜೊತೆಗೆ ಒಂದು ತಕರಾರೂ ತೆಗೆಯುತ್ತಿದ್ದರು: ಒಳಗಿನ ರಾಶಿಚಕ್ರದಲ್ಲಿ ಚಿನ್ನದ ಸೂರ್ಯ ವೃಷಭದಲ್ಲಿ ಕೂತಿದ್ದ, ನಮ್ಮ ಪಂಚಾಂಗದಲ್ಲಿ ಅವತ್ತು ಇನ್ನೂ ಮೇಷ. ಅವರದು ವಿಷುವದಿಂದ ರಾಶಿ ಎಣಿಸುವ ಸಾಯನ, ನಮ್ಮದು ನಕ್ಷತ್ರದಿಂದ ಎಣಿಸುವ ನಿರಯನ. ಇಪ್ಪತ್ತನಾಲ್ಕು ಡಿಗ್ರಿಯ ಈ ಜಗಳ ಪ್ರಾಗ್‌ನಲ್ಲಿ ಯಾರಿಗೂ ಬೇಕಾಗಿರಲಿಲ್ಲ.

"ಅರ್ಧ ಗಂಟೆ ಒಂದು ವಾಚು ನೋಡಿದೀವಿ" ಎಂದು ಶುಭಾ ಹಲ್ಲುಕಚ್ಚಿ ಹೇಳಿದಾಗ ಕಾಲ ಕೆಳಗೆ ನೋಡಿದೆ. ಕಲ್ಲುಹಾಸಿನಲ್ಲಿ ಬಿಳೀ ಶಿಲುಬೆಗಳು, ಎಣಿಸಿದರೆ 27. ಚಕ್ರವರ್ತಿಯ ವಿರುದ್ಧ ದಂಗೆಯೆದ್ದು ಬಿಳಿಬೆಟ್ಟದ ಕಾಳಗದಲ್ಲಿ ಸೋತ ಬೊಹೀಮಿಯದ ಮುಖಂಡರನ್ನು 1621ರ ಜೂನ್ 21ರಂದು ಇಲ್ಲಿ ಸಾಲಾಗಿ ಕೊಂದರು. ಹನ್ನೆರಡು ತಲೆಗಳನ್ನು ಚಾರ್ಲ್ಸ್ ಸೇತುವೆ ಬಾಯಿಯ ಗೋಪುರಕ್ಕೆ ನೇತುಹಾಕಿದರು, ಹತ್ತು ವರ್ಷ ಅಲ್ಲೇ ಇದ್ದವು. ಶಿಲುಬೆಗಳ ಮೇಲೆ ನಿಂತು ಹುಡುಗನೊಬ್ಬ ಸೋಪಿನ ಗುಳ್ಳೆ ಬಿಡುತ್ತಿದ್ದ.

ಸೇತುವೆ ಮೇಲೆ ಕಾಲಿಡಲು ಜಾಗವಿರಲಿಲ್ಲ. ದಸರಾ ಮೆರವಣಿಗೆ ದಿನದ ಸಯ್ಯಾಜಿರಾವ್ ರಸ್ತೆ. ದಾಟಿ, ನದಿಯಾಚೆಯ ಮಾಲಾ ಸ್ತ್ರಾನಾಕ್ಕೆ ಬಂದು, ಕೋಟೆಗೆ ಹತ್ತಿಸುವ ಟ್ರಾಮ್ ಸ್ಟಾಪಿನಲ್ಲಿ ನಿಂತೆವು. ಹತ್ತು ನಿಮಿಷ ಆಯಿತು, ಟ್ರಾಮ್ ಇಲ್ಲ. ಹದಿನೈದಾಯಿತು. ಕಂಬಕ್ಕೆ ಒಂದು ಹಳದಿ ಕಾಗದ ಅಂಟಿಸಿದ್ದರು. ಹಳಿ ರಿಪೇರಿಯ ಚಿತ್ರ, ಎರಡು ತಾರೀಕು, ಕೆಳಗೆ ದಪ್ಪಕ್ಷರದಲ್ಲಿ ಎರಡು ಪದ. ಮೊದಲನೆಯದು ಟ್ರಾಮ್ ಅಂತ ಗೊತ್ತಾಗುತ್ತಿತ್ತು. ಎರಡನೆಯದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಅವರ 'ಜೆ' ನಮ್ಮ 'ಯ' ಎಂದು ಯಾವಾದಿಂದ ಗೊತ್ತಿತ್ತಲ್ಲ. ನೆ-ಯೆ-ಜ್-ದೀ.

ಮೊದಲಿನ 'ನೆ' ತೆಗೆದರೆ?

ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿಯೊಬ್ಬರಿಗೆ ಕಾಗದ ತೋರಿಸಿ ಕೈಯಲ್ಲೇ 'ಏನು?' ಅಂದೆ. ಅವರಿಗೆ ಇಂಗ್ಲಿಷ್ ಇಲ್ಲ, ನಮಗೆ ಚೆಕ್ ಇಲ್ಲ. ಚೀಲ ಕೆಳಗಿಟ್ಟರು. ಹಳಿ ತೋರಿಸಿ, "ತ್ರಾಮ್ವಾಯ್ ನೆಯೆಜ್ದೀ" ಎಂದು ಎರಡೂ ಕೈ ಅಡ್ಡಡ್ಡ ಆಡಿಸಿದರು. ಆಮೇಲೆ ರಸ್ತೆಯಾಚೆ ನಿಂತಿದ್ದ ಬಸ್ಸಿನ ಕಡೆ ತಿರುಗಿ, ಕೈಯನ್ನು ಹಾವಿನ ಹಾಗೆ ಮುಂದಕ್ಕೆ ಓಡಿಸುತ್ತಾ, "ಔತೊಬುಸ್ ಯೆಜ್ದೀ, ಯೆಜ್ದೀ!"

ಓಡುತ್ತದೆ. ಹೋಗುತ್ತದೆ. ಅಷ್ಟೇ ಅದರ ಅರ್ಥ.

ಯೆಜ್ಡಿ ಹೆಸರು ಎಲ್ಲಿಂದ ಬಂತೆಂಬುದಕ್ಕೆ ಮೈಸೂರಿನಲ್ಲಿ ಎರಡು ಕತೆಗಳಿವೆ. ಕಾರ್ಖಾನೆ ಶುರುಮಾಡಿದ ಇರಾನಿ ಮನೆತನಕ್ಕೆ ಇರಾನಿನ ಯಜ್ದ್ ಪಟ್ಟಣದ ನೆನಪು ಎನ್ನುವುದು ಒಂದು. ಚೆಕ್ ಪದ ಎನ್ನುವುದು ಇನ್ನೊಂದು. ನಮ್ಮನೆಯಲ್ಲಿ ಅಪ್ಪ ಮೊದಲನೆಯದರ ಪಕ್ಷ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಪಕ್ಕದ ಮನೆಯ ಮಾವ ಎರಡನೆಯದರ ಪಕ್ಷ. ನಲವತ್ತು ವರ್ಷ ಜಗಲಿ ಮೇಲೆ ನಡೆದ ವಾದ ಅದು. ಯಾವುದು ಸರಿ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ನಮ್ಮ ಗಾಡಿಯ ಟ್ಯಾಂಕಿನ ಮೇಲಿನ ಹೆಸರು ಇಲ್ಲಿ ದಿನನಿತ್ಯದ ಮಾತಾಗಿ, ಸೊಪ್ಪು ಕೊಂಡು ಮನೆಗೆ ಹೊರಟ ಅಜ್ಜಿಯ ಬಾಯಿಂದ ಬಿದ್ದಾಗ ನಾನು ರಸ್ತೆಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಅಜ್ಜಿಗೆ ಖುಷಿಯಾಗಿ ಇನ್ನೊಂದು ಸಲ ಅಭಿನಯಿಸಿ ತೋರಿಸಿದರು. ಕಾಗದದ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ನಳಿನಿ ಡ್ರೆಸ್ಡೆನ್‌ನಲ್ಲಿ ಒಂದು ವರ್ಷ ಚೆಕ್ ಕ್ಲಾಸಿಗೆ ಹೋಗಿ ಅರ್ಧಕ್ಕೆ ಬಿಟ್ಟವಳು. ಆ ದಿನವಿಡೀ ಅವಳಿಗೆ ಅದೇ ಕೆಲಸವಾಯಿತು. ಮೂರು ಎಂದರೆ ತ್ರ್ಝಿ, ನಾಲ್ಕು ಎಂದರೆ ಚ್ತಿರ್ಝಿ, ದಿನ ಎಂದರೆ ದೆನ್. ಮೆಟ್ರೋದಲ್ಲಿ ಬಾಗಿಲು ಮುಚ್ಚುತ್ತಿದೆ ಅಂತ ಪ್ರತಿ ಸ್ಟೇಷನ್ನಿನಲ್ಲೂ ಹೇಳುತ್ತಾರಲ್ಲ, ಅಲ್ಲಿ ಬಾಗಿಲಿಗೆ 'ದ್ವೆರ್ಝೆ'. ನಮ್ಮ ದ್ವಾರ. "ಸಾವಿರಾರು ವರ್ಷದ ಹಿಂದೆ ಬೇರೆಯಾದ ದಾಯಾದಿಗಳು, ಬಾಗಿಲು ಮಾತ್ರ ಇಬ್ಬರ ಹತ್ರನೂ ಉಳ್ಕೊಂಡಿದೆ" ಅಂದಳು ರಜಿಯಾ. ಅವಳು ಕನ್ನಡ ಮೇಡಂ, ಇಂಥದ್ದನ್ನೆಲ್ಲಾ ಪಾಠದ ಮಧ್ಯೆ ಹೇಳಿ ರೂಢಿ.

ಬಸ್ಸು ಬಿಟ್ಟು ನೆರುದೋವಾ ರಸ್ತೆಯ ಏರು ಹತ್ತಿದೆವು. 1770ರಲ್ಲಿ ಮನೆ ನಂಬರು ಬರುವ ತನಕ ಇಲ್ಲಿ ಮನೆಗಳಿಗೆ ಚಿತ್ರವೇ ವಿಳಾಸ. ಬಾಗಿಲ ಮೇಲೆ ಮೂರು ಪಿಟೀಲು, ಚಿನ್ನದ ಬೀಗದಕೈ, ಹಸಿರು ಸೀಗಡಿ. ಎರಡು ಸೂರ್ಯರ ಮನೆಯಲ್ಲಿದ್ದ ಯಾನ್ ನೆರುದಾ ಎಂಬ ಲೇಖಕನ ಹೆಸರೇ ರಸ್ತೆಗೆ. ಕೋಟೆಯ ಬಗ್ಗೆ ಹೆಚ್ಚು ಬರೆಯಲಾರೆ. ಸಂತ ವಿಟಸ್ ಕೆಥೆಡ್ರಲ್ಲಿಗೆ 1344ರಲ್ಲಿ ಅಡಿಗಲ್ಲು ಹಾಕಿ 1929ರಲ್ಲಿ ಕೆಲಸ ಮುಗಿಸಿದರು. ನಮಗೆ ಅದರೊಳಗೆ ಇಪ್ಪತ್ತೈದು ನಿಮಿಷ. ಆಲ್ಫೊನ್ಸ್ ಮುಖಾ ವಿನ್ಯಾಸ ಮಾಡಿದ ಗಾಜಿನ ಕಿಟಕಿಯ ಬಣ್ಣ ಎದುರಿನ ಕಲ್ಲುಕಂಬಕ್ಕೆ ಓಕುಳಿಯಂತೆ ಹತ್ತಿಕೊಂಡದ್ದೊಂದು ನೆನಪಿದೆ. ಕಾಫ್ಕಾ ಕೆಲವು ತಿಂಗಳು ಕೂತು ಬರೆದ 22ನೇ ನಂಬರಿನ ನೀಲಿ ಮನೆ ಈಗ ಅಂಗಡಿ. ತಲೆ ತಗ್ಗಿಸಿ ಒಳಹೋಗಿ ತಲೆ ತಗ್ಗಿಸಿ ಹೊರಬಂದೆವು.

ನಿಂತು ನೋಡಿದ್ದು ಇನ್ನೊಂದು ಕಿಟಕಿಯನ್ನು. 1618ರ ಮೇ 23ರಂದು ಸಿಟ್ಟಿಗೆದ್ದ ಪ್ರೊಟೆಸ್ಟೆಂಟ್ ಶ್ರೀಮಂತರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಇಲ್ಲಿಂದ ಆಚೆ ಎಸೆದರು. ಸುಮಾರು ಇಪ್ಪತ್ತು ಮೀಟರ್ ಎತ್ತರ. ಮೂವರೂ ಬದುಕಿದರು. ಕನ್ಯೆ ಮರಿಯಮ್ಮ ಕೈಹಿಡಿದಳು ಎಂದರು ಕ್ಯಾಥೊಲಿಕರು, ತಿಪ್ಪೆ ಮೇಲೆ ಬಿದ್ದರು ಎಂದರು ಪ್ರೊಟೆಸ್ಟೆಂಟರು. ಅಲ್ಲಿಂದ ಹೊತ್ತಿಕೊಂಡ ಯುದ್ಧ ಆರಿದ್ದು 30 ವರ್ಷಕ್ಕೆ. "ನಮ್ಮ ಕಡೆ ಮೈಕು, ಕುರ್ಚಿ ಎಸೀತಾರೆ ಅಷ್ಟೇ" ಅಂದಳು ರಜಿಯಾ. ಗುಮಾಸ್ತನ ಪಾಡು ನೆನೆದು ನನಗೆ ನಗು ಬಂತು. ಸಾಹೇಬರ ಜಗಳದಲ್ಲಿ ಅವನದೇನು ತಪ್ಪು?

ಊಟದ ಕಷ್ಟ ಹೇಳಲೇಬೇಕು. ನಳಿನಿ ಸಸ್ಯಾಹಾರಿ, ರಜಿಯಾ ಹಂದಿ ಮುಟ್ಟುವುದಿಲ್ಲ, ಊರಿನ ಮೆನುವಿನಲ್ಲಿ ಇವೆರಡಕ್ಕೂ ಜಾಗ ಕಡಿಮೆ. ಸರ್ವರು ಇಬ್ಬರಿಗೂ ಒಂದೇ ಪರಿಹಾರ ತಂದಿಟ್ಟ: ಅಂಗೈಯಗಲದ ಚೀಸ್ ತುಂಡಿಗೆ ಬ್ರೆಡ್ ಪುಡಿ ಮೆತ್ತಿ ಎಣ್ಣೆಯಲ್ಲಿ ಕರಿದದ್ದು, ಬೇಯಿಸಿದ ಆಲೂಗಡ್ಡೆ. ಕುಡಿಯಲು ಕೋಫೋಲಾ. 1960ರಲ್ಲಿ, ಕಮ್ಯುನಿಸ್ಟರ ಕಾಲದಲ್ಲಿ, ಅಮೆರಿಕದ ಕೋಲಾಕ್ಕೆ ಪ್ರತಿಯಾಗಿ ಇಲ್ಲೇ ಕಂಡುಹಿಡಿದದ್ದು. ಒಂದು ಗುಟುಕು ಕುಡಿದ ರಜಿಯಾ, "ಅಮ್ಮಿ ಕೆಮ್ಮಿಗೆ ಕೊಡ್ತಿದ್ದ ಜೇಷ್ಠಮದ್ದು ಕಷಾಯ ಕಣೇ ಇದು" ಅಂದಳು. ಹೌದು, ಅದರಲ್ಲಿ ಜೇಷ್ಠಮದ್ದು ಇರುತ್ತದೆ. ಕೊನೆಗೆ ಬಂದದ್ದು ಹಣ್ಣಿನ ಕ್ನೆಡ್ಲಿಕ್. ಒಳಗೆ ಇಡೀ ಸ್ಟ್ರಾಬೆರಿ ಇಟ್ಟು ಹಿಟ್ಟಿನಲ್ಲಿ ಮುಚ್ಚಿ ಬೇಯಿಸಿದ ಉಂಡೆ, ಮೇಲೆ ಕರಗಿಸಿದ ಬೆಣ್ಣೆ, ಸಕ್ಕರೆ, ಪುಡಿಪುಡಿ ಗಿಣ್ಣು. ನಾಲ್ವರೂ ಒಟ್ಟಿಗೆ "ಕಡುಬು!" ಅಂದೆವು. ಶುಭಾ ಶೀಟು ಮರೆತು ಇನ್ನೊಂದು ಪ್ಲೇಟ್ ಹೇಳಿದಳು. ಮೇಜಿನ ಮೇಲಿನ ಚೀಟಿಯಲ್ಲಿ ಸರ್ವರು ಪೆನ್ಸಿಲ್ಲಿನಿಂದ ಗೀಟು ಎಳೆದು ಲೆಕ್ಕ ಇಡುತ್ತಿದ್ದ, ಹಾಲಿನವರು ಗೋಡೆಗೆ ಎಳೆದ ಹಾಗೆ.

ರೂಮಿಗೆ ಬಂದಾಗ ಅಪ್ಪನ ವಾಯ್ಸ್ ಮೆಸೇಜ್ ಬಂದಿತ್ತು. ಊರಿನಲ್ಲಿ ಆಗ ನಡುರಾತ್ರಿ ದಾಟಿತ್ತು, ನಿದ್ದೆಗೆಟ್ಟು ಕಳಿಸಿದ್ದಾರೆ. "ಪುಟ್ಟಿ, ಫೋಟೋ ನೋಡ್ದೆ. ಹಂಗಾದ್ರೆ ನಮ್ಮ ಗಾಡಿ ಹೆಸ್ರೇ 'ಓಡುತ್ತೆ' ಅಂತ ಆಯ್ತು. ಡಿಸೆಂಬರಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒದ್ದೂ ಒದ್ದೂ ಕಾಲು ನೋಯೋವಾಗ ಟ್ಯಾಂಕ್ ಮೇಲೆ ಮುಂದೆ ಒಂದು 'ನೆ' ಬರೆಸ್ಬೇಕಿತ್ತು ನೋಡು." ಸ್ವಲ್ಪ ಹೊತ್ತು ಉಸಿರಿನ ಸದ್ದು. "ಪಕ್ಕದ ಮನೆ ಮಾವ ಇದ್ದಿದ್ರೆ ಬಾಗ್ಲು ತಟ್ಟಿ ಹೇಳ್ಬಹುದಿತ್ತು, ನೀನೇ ಗೆದ್ದೆ ಮಾರಾಯ ಅಂತ." ಮಾವ ಹೋಗಿ ನಾಲ್ಕು ವರ್ಷವಾಯಿತು.

ಭಾನುವಾರ ನಾಲ್ಕೂವರೆಗೇ ರಜಿಯಾ ಎದ್ದು ನಮಾಜು ಮುಗಿಸಿದ ಸದ್ದಿಗೆ ನನಗೂ ಎಚ್ಚರವಾಯಿತು. ಇಬ್ಬರೂ ಚಪ್ಪಲಿ ಮೆಟ್ಟಿ ಸೇತುವೆಗೆ ಹೋದೆವು. ಈ ಸೇತುವೆಗೆ ನಾಲ್ಕನೇ ಚಾರ್ಲ್ಸ್ ದೊರೆ ಅಡಿಗಲ್ಲಿಟ್ಟದ್ದು 1357ರ ಜುಲೈ 9ರ ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಎಂದು ಪ್ರತೀತಿ. ಒಂದು ಮೂರು ಐದು ಏಳು ಒಂಬತ್ತು ಏಳು ಐದು ಮೂರು ಒಂದು. ಮುಹೂರ್ತದ ಹುಚ್ಚು ನಮಗೆ ಮಾತ್ರ ಅಂದುಕೊಂಡಿದ್ದೆ. ಹಿಂದಿನ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು, ಆ ಹೆದರಿಕೆಯೂ ಇತ್ತು. ಗಾರೆಗೆ ಮೊಟ್ಟೆ ಬೇಕೆಂದು ಸುತ್ತಲ ಊರುಗಳಿಗೆ ಅಪ್ಪಣೆ ಹೋದಾಗ ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲಿ ಅಂತ ಬೇಯಿಸಿ ಕಳಿಸಿದರು ಎಂದು ಪ್ರಾಗ್‌ನವರು ಈಗಲೂ ಆಡಿಕೊಳ್ಳುತ್ತಾರೆ.

ಹಿಂದಿನ ದಿನ ಉಸಿರು ಕಟ್ಟಿಸಿದ್ದ ಅದೇ ಸೇತುವೆಯ ಮೇಲೆ ಈಗ ಇದ್ದದ್ದು ಒಬ್ಬ ಕಸಗುಡಿಸುವವನು, ಮದುವೆ ಬಟ್ಟೆಯಲ್ಲಿ ಫೋಟೋಕ್ಕೆ ನಿಂತ ಒಂದು ಜೋಡಿ, ನಾವಿಬ್ಬರು. ಅರ್ಧ ಕಿಲೋಮೀಟರ್ ಉದ್ದಕ್ಕೂ ಎರಡೂ ಬದಿ ಮೂವತ್ತು ಪ್ರತಿಮೆಗಳು, ಬಿಸಿಲು ಬಂದದ್ದು ಮೊದಲು ಅವುಗಳ ತಲೆಗೆ. ನೆಪೊಮುಕ್‌ನ ಯಾನ್ ಎಂಬ ಸಂತನನ್ನು 1393ರಲ್ಲಿ ಈ ಸೇತುವೆಯಿಂದಲೇ ನದಿಗೆ ಎಸೆದದ್ದು. ಅವನ ಪ್ರತಿಮೆಯ ಕೆಳಗೆ ಕಂಚಿನ ಎರಡು ಫಲಕಗಳಿವೆ. ಬಲಗಡೆಯದರಲ್ಲಿ ಅವನು ಬೀಳುತ್ತಿರುವ ಚಿತ್ರ. ಅದನ್ನು ಮುಟ್ಟಿದರೆ ಮತ್ತೆ ಪ್ರಾಗ್‌ಗೆ ಬರುತ್ತೀರಿ ಎಂಬ ನಂಬಿಕೆಯಿಂದ ಅದು ಚಿನ್ನದಂತೆ ಹೊಳೆಯುತ್ತದೆ. ಎಡಗಡೆಯದರಲ್ಲಿ ಸೈನಿಕನೊಬ್ಬ ನಾಯಿಯ ಮೈ ಸವರುತ್ತಿದ್ದಾನೆ. ಅದೂ ಅಷ್ಟೇ ಹೊಳೆಯುತ್ತದೆ. ನಾಯಿ ಮುಟ್ಟಿದರೆ ಏನೂ ಆಗುವುದಿಲ್ಲವಂತೆ, ಜನ ಸುಮ್ಮನೆ ಮುಟ್ಟುತ್ತಾರೆ. ನಾನು ನಾಯಿಯನ್ನು ಮುಟ್ಟಿದೆ.

ಒಂಬತ್ತಕ್ಕೆ ಸ್ಮಶಾನ. ಅದಕ್ಕೆ ಮುಂಚೆ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಒಳಗೆ ಹಾದುಹೋಗಬೇಕು. ಒಳಗೆ ಏನೂ ಇಲ್ಲ. ಬಿಳಿ ಗೋಡೆ, ಗೋಡೆ ತುಂಬ ಕೈಬರಹದ ಹೆಸರು. ನೆಲದಿಂದ ತಲೆಯೆತ್ತರ ದಾಟಿ ಮೇಲಿನ ತನಕ, ಸಾಲಿನ ಮಧ್ಯೆ ಬೆರಳಿಡಲೂ ಜಾಗವಿಲ್ಲದಂತೆ. ನಾಜಿಗಳು ಕೊಂದ ಬೊಹೀಮಿಯ, ಮೊರಾವಿಯದ ಸುಮಾರು 78,000 ಯಹೂದಿಗಳ ಹೆಸರು, ಹುಟ್ಟಿದ ತಾರೀಕು, ಕೊನೆಯ ಸುದ್ದಿ ಬಂದ ತಾರೀಕು. ದೂರದಿಂದ ನೋಡಿದರೆ ಗೋಡೆಗೆ ಬೂದು ಬಣ್ಣ ಹೊಡೆದಂತಿದೆ. ಹತ್ತಿರ ಹೋದರೆ ಒಂದೇ ಮನೆತನದ ಹೆಸರಿನ ಮುಂದೆ ಹನ್ನೊಂದು, ಹನ್ನೆರಡು ಜನ. ಶುಭಾ ಒಂದು ಸಾಲಿಗೆ ಬೆರಳು ಹಿಡಿದು, ಮುಟ್ಟದೆ, ತಾರೀಕು ಕಳೆಯುತ್ತಿದ್ದಳು. "ಒಂಬತ್ತು ವರ್ಷ," ಅಂದಳು. ಮುಂದಿನ ಹೆಸರಿಗೆ "ಆರು." ಆಮೇಲೆ ಲೆಕ್ಕ ಮಾಡುವುದನ್ನು ನಿಲ್ಲಿಸಿದಳು.

ಮಹಡಿಯಲ್ಲಿ ನಾಜಿಗಳ ತೆರೆಜಿನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಅಲ್ಲಿ ಖೈದಿಯಾಗಿದ್ದಾಗ ಮಕ್ಕಳಿಗೆ ಗುಟ್ಟಾಗಿ ಚಿತ್ರ ಹೇಳಿಕೊಟ್ಟರು. 1944ರಲ್ಲಿ ಅವರನ್ನು ಔಷ್ವಿಟ್ಸ್ ಎಂಬ ಕೊಲೆ ಶಿಬಿರಕ್ಕೆ ಒಯ್ಯುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿಸಿಟ್ಟರು. ಅವರು ಉಳಿಯಲಿಲ್ಲ, ಬಿಡಿಸಿದ ಮಕ್ಕಳಲ್ಲಿ ಹೆಚ್ಚಿನವರೂ ಉಳಿಯಲಿಲ್ಲ, ಸೂಟ್‌ಕೇಸು ಉಳಿಯಿತು. ಚಿತ್ರಗಳಲ್ಲಿ ನಮ್ಮ ಮಕ್ಕಳು ಬಿಡಿಸುವುದೇ ಇದೆ: ಮನೆ, ಹೊಗೆಗೂಡು, ಹೂವು, ಚಿಟ್ಟೆ, ಗಾಲಿ ಹೆಚ್ಚುಕಡಿಮೆಯಾದ ರೈಲು.

ಹೊರಗಿನ ಸ್ಮಶಾನ ಬಹಳ ಚಿಕ್ಕದು. 15ನೇ ಶತಮಾನದಿಂದ 1787ರ ತನಕ ಊರಿನ ಯಹೂದಿಗಳಿಗೆ ಹೂಳಲು ಇದ್ದದ್ದು ಇಷ್ಟೇ ನೆಲ. ಹಳೇ ಗೋರಿ ಅಗೆಯುವಂತಿಲ್ಲ, ಹಾಗಾಗಿ ಮೇಲೆ ಮಣ್ಣು ಸುರಿದು ಮತ್ತೊಂದು ಪದರ, ಕೆಲವು ಕಡೆ ಹನ್ನೆರಡು ಪದರ. ಕೆಳಗಿನವರ ಕಲ್ಲನ್ನೂ ಮೇಲಕ್ಕೆ ತಂದು ನಿಲ್ಲಿಸಿದರು. 12,000ದಷ್ಟು ಕಲ್ಲುಗಳು ಒಂದಕ್ಕೊಂದು ಹೆಗಲು ಕೊಟ್ಟು ವಾಲಿಕೊಂಡಿವೆ. ಶುಭಾಳ ಶೀಟಿನಲ್ಲಿ ಇದಕ್ಕೆ 40 ನಿಮಿಷವಿತ್ತು. ನಾವು ಹೊರಬಂದಾಗ ಎರಡು ತಾಸು ಕಳೆದಿತ್ತು. ಅವಳೂ ಗಡಿಯಾರ ನೋಡಿರಲಿಲ್ಲ.

ಹನ್ನೊಂದು ದಾಟಿದ್ದರಿಂದ ಉಳಿದ ಸಾಲುಗಳೆಲ್ಲಾ ಹೋದವು. ಸ್ಟೇಷನ್ನಿಗೆ ನಲವತ್ತು ನಿಮಿಷ ಮೊದಲೇ ಬಂದೆವು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಆ ಕಂಚಿನ ಗಂಡಸು ಮಗು ಎತ್ತಿಕೊಂಡು ಹಾಗೇ ನಿಂತಿದ್ದ. ಈ ಸಲ ನಳಿನಿ ಫಲಕದ ಮುಂದೆ ನಿಂತು ಓದಿ ಹೇಳಿದಳು, ಉಳಿದದ್ದನ್ನು ಫೋನಿನಲ್ಲಿ ಹುಡುಕಿದೆವು. ನಿಕೊಲಸ್ ವಿಂಟನ್. ಲಂಡನ್ನಿನ ಷೇರುಪೇಟೆಯಲ್ಲಿ ಕೆಲಸದಲ್ಲಿದ್ದ ಹುಡುಗ, 1938ರ ಕೊನೆಗೆ ಗೆಳೆಯನೊಬ್ಬ ಕರೆದನೆಂದು ರಜೆಯಲ್ಲಿ ಪ್ರಾಗ್‌ಗೆ ಬಂದ. ಅದೂ ಕೆಲವು ವಾರಗಳ ಪ್ರವಾಸವೇ. ಇಲ್ಲಿನ ಕೆಲವರ ಜೊತೆ ಸೇರಿ ಪಟ್ಟಿ ಮಾಡಿದ, ಮಕ್ಕಳನ್ನು ಇಟ್ಟುಕೊಳ್ಳುವ ಮನೆಗಳನ್ನು ಇಂಗ್ಲೆಂಡಿನಲ್ಲಿ ಹುಡುಕಿದ. 1939ರಲ್ಲಿ 669 ಮಕ್ಕಳು, ಬಹುಪಾಲು ಯಹೂದಿಗಳು, ಹೆಚ್ಚಿನವರು ಇದೇ ಸ್ಟೇಷನ್ನಿನಿಂದ ರೈಲಿನಲ್ಲಿ ಹೊರಟು ಲಂಡನ್ ಮುಟ್ಟಿದರು. 1988ರ ತನಕ ಹೊರಗಿನ ಜನಕ್ಕೆ ಇದು ಗೊತ್ತೇ ಇರಲಿಲ್ಲ.

ಇನ್ನೂ ಒಂದು ರೈಲು ಇತ್ತು. ಎಲ್ಲಕ್ಕಿಂತ ದೊಡ್ಡದು, ಸುಮಾರು 250 ಮಕ್ಕಳದ್ದು. ಹೊರಡಬೇಕಿದ್ದ ದಿನ 1939ರ ಸೆಪ್ಟೆಂಬರ್ 1. ಅವತ್ತೇ ಯುದ್ಧ ಶುರುವಾಯಿತು, ಗಡಿ ಮುಚ್ಚಿತು.

ಅಜ್ಜಿ ಎರಡು ಕೈಯನ್ನೂ ಅಡ್ಡಡ್ಡ ಆಡಿಸಿದ್ದು ಕಣ್ಣ ಮುಂದೆ ಬಂತು. ನೆಯೆಜ್ದೀ. ಯಾರಿಗೂ ಹೇಳಲಿಲ್ಲ.

ಶುಭಾ ಪ್ರತಿಮೆಯ ಸೂಟ್‌ಕೇಸಿನ ಪಕ್ಕ ನಮ್ಮ ನಾಲ್ಕು ಬ್ಯಾಗುಗಳನ್ನು ಸಾಲಾಗಿ ಇಟ್ಟು ಎಣಿಸಿದಳು. ಬೋರ್ಡಿನ ಮೇಲೆ ನಮ್ಮ ರೈಲಿನ ಪ್ಲಾಟ್‌ಫಾರ್ಮ್ ನಂಬರು ಬಿತ್ತು. ರಜಿಯಾ ಓಡಿಹೋಗಿ ಎರಡು ಬಾಟಲಿ ಕೋಫೋಲಾ ತಂದಳು. ಒಂದು ದಾರಿಗೆ, ಇನ್ನೊಂದು ಅವಳ ಅಮ್ಮಿಗೆ ತೋರಿಸಲು.